ಜೋಡಿ ಹ್ಯಾಮ್‌ಸ್ಟರ್‌ಗಳ ಜಗಳ: ಪಶುವೈದ್ಯರ ಉತ್ತರ

ಪ್ರಶ್ನೆ: ಡ್ವಾರ್ಫ್ (ಕುಳ್ಳ) ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪುಟ್ಟ ಸಾಕುಪ್ರಾಣಿಗಳ ಜೋಡಿ ತಂದಿದ್ದೇವೆ. ಈಚೆಗೆ ರಾತ್ರಿ ಕಿರುಚಾಡುತ್ತವೆ, ಒಂದಕ್ಕೆ ಹಿಂಭಾಗದಲ್ಲಿ ಗಾಯವಾಗಿದೆ. ಬೇರ್ಪಡಿಸಿದರೆ ಕೊರಗಿ ಸಾಯುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಇಂದೇ ಬೇರೆ ಬೇರೆ ಪಂಜರಗಳಲ್ಲಿ ಇಡಿ. ಗಾಯ ಮಾಯ್ದ ಮೇಲೂ ಮತ್ತೆ ಕೂಡಿಸಬೇಡಿ. ಈ ಸುಳ್ಳನ್ನು ನಂಬಿ, ಕಿವಿ ಹರಿದ, ತೊಡೆಸಂದು ಕೀವುಗಟ್ಟಿದ ಪ್ರಾಣಿಗಳನ್ನು ಕೊನೆಯ ಗಳಿಗೆಯಲ್ಲಿ ತರುವವರನ್ನು ಕಂಡು ನನಗೆ ಸಾಕಾಗಿದೆ.

ಡ್ವಾರ್ಫ್ ಎಂಬ ಒಂದೇ ಹೆಸರಿನಲ್ಲಿ ಹಲವು ಪ್ರಭೇದಗಳು ಮಾರಾಟವಾಗುತ್ತವೆ. ಬೆನ್ನಿನ ಮೇಲೆ ಗೆರೆಯಿಲ್ಲದೆ, ಕಣ್ಣಿನ ಮೇಲೆ ಬಿಳಿ ಹುಬ್ಬಿನಂಥ ಮಚ್ಚೆಯಿರುವ, ಇಪ್ಪತ್ತು ಗ್ರಾಂ ಆಸುಪಾಸು ತೂಗುವ ರೊಬೊರೊವ್‌ಸ್ಕಿ ಇವುಗಳಲ್ಲೆಲ್ಲ ಚಿಕ್ಕದು. ಒಂದೇ ಸೂಲಿನ ಮರಿಗಳಾದರೆ ಕೆಲವೊಮ್ಮೆ ಹೊಂದಿಕೊಂಡು ಬಾಳುತ್ತವೆ, ಆದರೆ ಮಿಂಚಿನಂತೆ ಓಡುವುದರಿಂದ ಮಕ್ಕಳ ಕೈಗೆ ಕೊಡುವ ಪ್ರಾಣಿಯಲ್ಲ. ಬೆನ್ನ ನಡುವೆ ಕಪ್ಪು ಗೆರೆಯಿರುವ ಕ್ಯಾಂಪ್‌ಬೆಲ್ ಮತ್ತು ಚಳಿಗಾಲದಲ್ಲಿ ಹಗಲು ಕಿರಿದಾದಾಗ ಬೆಳ್ಳಗಾಗುವ ವಿಂಟರ್ ವೈಟ್ ಮರಿಗಳಾಗಿದ್ದಾಗ ಜೊತೆಗಿದ್ದರೂ, ಪ್ರಾಯಕ್ಕೆ ಬಂದ ಮೇಲೆ ಜಾಗಕ್ಕಾಗಿ ಕಚ್ಚಾಡುವುದು ಸಾಮಾನ್ಯ. ಇವೆರಡರ ಮಿಶ್ರತಳಿಯೂ ಹುಟ್ಟುವುದರಿಂದ ಹೊರನೋಟದಿಂದ ತಳಿಯನ್ನು ಖಚಿತವಾಗಿ ಹೇಳಲಾಗದು. ಕ್ಯಾಂಪ್‌ಬೆಲ್‌ಗೆ ಸಿಹಿಮೂತ್ರ ಬರುವ ಪ್ರವೃತ್ತಿಯಿರುವ ಕಾರಣ, ಸಂಶಯವಿರುವ ಯಾವ ಮರಿಗೂ ಹಣ್ಣು, ಬೆಲ್ಲ ಕೊಡಬೇಡಿ. ಉದ್ದನೆಯ ಮೈ ಮತ್ತು ಎದ್ದು ಕಾಣುವ ಬಾಲವಿರುವ ಚೈನೀಸ್ ಹ್ಯಾಮ್‌ಸ್ಟರ್ ಬೇರೆಯೇ ಕುಲದ್ದು. ಅದರ ಪ್ರಾಯದ ಹೆಣ್ಣು ಇನ್ನೊಂದನ್ನು ಸಹಿಸುವುದು ಅಪರೂಪ.

ಗಾಯ ಕಾಣದಿದ್ದರೂ ಎಲ್ಲವೂ ಸರಿಯಿದೆ ಎಂದು ತಿಳಿಯಬೇಡಿ. ಬಲಹೀನವಾದದ್ದನ್ನು ಮತ್ತೊಂದು ಕಾಳಿನ ಬಳಿಗೂ ಗೂಡಿನೊಳಗೂ ಬಿಡದಿದ್ದರೆ ಅದು ಸದ್ದಿಲ್ಲದೆ ಸೊರಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ. ನಿಮ್ಮದು ಗಂಡು ಹೆಣ್ಣಿನ ಜೋಡಿಯಾದರೆ ಇನ್ನೂ ತುರ್ತಾಗಿ ಬೇರ್ಪಡಿಸಬೇಕು, ಏಕೆಂದರೆ ಇವು ಮೂರು ವಾರದೊಳಗೆ ಈಯುತ್ತವೆ, ಈದ ದಿನವೇ ಮತ್ತೆ ಗಬ್ಬವಾಗಬಲ್ಲವು. ನನ್ನ ಸಲಹೆ ಕೆಲವರಿಗೆ ಅತಿ ಎಚ್ಚರಿಕೆಯೆನಿಸಬಹುದು, ಆದರೂ ಅದು ಬದಲಾಗದು: ಪ್ರಭೇದ ಯಾವುದೇ ಇರಲಿ, ಒಂದು ಪಂಜರಕ್ಕೆ ಒಂದೇ ಪ್ರಾಣಿ.

ಪ್ರಶ್ನೆ: ಹಲ್ಲು ಹಳದಿಯಾಗಿದೆ, ಉಜ್ಜಬೇಕೇ?

ಉತ್ತರ: ಬೇಡ, ಅದು ಸಹಜ ಬಣ್ಣ.

ಪ್ರಶ್ನೆ: ಶಾಂಪೂ ಹಾಕಿ ಸ್ನಾನ ಮಾಡಿಸಬಹುದೇ?

ಉತ್ತರ: ಖಂಡಿತ ಕೂಡದು, ಹೊರಳಾಡಲು ಒಣ ಮರಳು ಇಡಿ.

ಪ್ರಶ್ನೆ: ಭೇದಿಗೆ ಮನೆಯಲ್ಲಿದ್ದ ಅಮಾಕ್ಸಿಸಿಲಿನ್ ಸಿರಪ್ ಎರಡು ಹನಿ ಕೊಡಲು ಪರಿಚಯದವರು ಹೇಳಿದರು. ಕೊಡಬಹುದೇ?

ಉತ್ತರ: ಕೊಡಬೇಡಿ. ಆ ಔಷಧಿ ಹ್ಯಾಮ್‌ಸ್ಟರ್‌ನ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷಕಾರಿಯಾದವು ಬೆಳೆಯಲು ದಾರಿ ಮಾಡಿ, ಪ್ರಾಣವನ್ನೇ ತೆಗೆಯಬಲ್ಲದು. ಭೇದಿಯಾದ ಹ್ಯಾಮ್‌ಸ್ಟರ್ ಅನ್ನು ಅದೇ ದಿನ ಪಶುವೈದ್ಯರಿಗೆ ತೋರಿಸಿ.