ಸೀನಿಯರ್‌ಗೆ ಬಿಡುವಿಲ್ಲದಿದ್ದರೆ ಜೂನಿಯರ್ ನಿಲ್ಲುವುದಿಲ್ಲ

ಕರಾವಳಿಯ ಸಣ್ಣ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ತಂಡ ಕಟ್ಟುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಾನು, ನನ್ನ ಗೆಳೆಯ ಸೇರಿ ನಾಲ್ಕು ವರ್ಷದ ಹಿಂದೆ ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಕಂಪೆನಿ ಶುರು ಮಾಡಿದೆವು. ಈಗ ನಾವಿಬ್ಬರೂ ಸೇರಿ 11 ಜನ. ಅಮೆರಿಕದ ಎರಡು, ಬೆಂಗಳೂರಿನ ಒಂದು ಕ್ಲೈಂಟ್ ಇದ್ದಾರೆ. ಕೆಲಸಕ್ಕೇನೂ ಬರ ಇಲ್ಲ. ಆದರೆ ಕಾಲೇಜು ಮುಗಿಸಿ ಬಂದವರು ಒಂದೂವರೆ ವರ್ಷದಲ್ಲಿ ಬೆಂಗಳೂರಿಗೆ ಹೊರಟುಬಿಡುತ್ತಾರೆ. ಹೋದ ತಿಂಗಳು ಒಬ್ಬ ಸೀನಿಯರ್ ಕೂಡ ಬಿಟ್ಟರು. ಅವರು ನೋಡುತ್ತಿದ್ದ ಪ್ರಾಜೆಕ್ಟ್ ಬೇರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಕ್ಲೈಂಟ್ ಸಿಟ್ಟಾಗಿದ್ದಾರೆ. ಇಷ್ಟು ಸಮಯ ಬಿಟ್ಟು ಹೋಗುವುದಿಲ್ಲ ಅಂತ ಬಾಂಡ್ ಬರೆಸಿಕೊಳ್ಳೋಣವೇ? ಇನ್ನೂ ನಾಲ್ಕು ಜನರನ್ನು ತೆಗೆದುಕೊಳ್ಳೋಣವೇ?

ಉತ್ತರ: ಬಾಂಡ್ ಬೇಡ. ನಾಲ್ಕು ಜನ ಈಗಲೇ ಬೇಡ. ಮೊದಲು ಕಳೆದ ಮೂರು ತಿಂಗಳ ಟೈಮ್‌ಶೀಟ್, ಅಂದರೆ ಯಾರು ಯಾವ ಕೆಲಸಕ್ಕೆ ಎಷ್ಟು ಗಂಟೆ ಕೊಟ್ಟರು ಅನ್ನುವ ಲೆಕ್ಕ, ತೆಗೆದು ನೋಡಿ. ನಿಮ್ಮ ಸೀನಿಯರ್‌ಗಳ ವಾರದ 40 ಗಂಟೆಯಲ್ಲಿ ಎಷ್ಟು ಗಂಟೆ ಕ್ಲೈಂಟ್‌ಗೆ ಬಿಲ್ ಆಗಿದೆ, ಅಂದರೆ ಎಷ್ಟು ಗಂಟೆಗೆ ಕ್ಲೈಂಟ್‌ನಿಂದ ದುಡ್ಡು ಕೇಳಿದ್ದೀರಿ? 38, 40 ಅಂತ ಕಂಡರೆ ನಿಮ್ಮ ಹುಡುಗರು ಯಾಕೆ ಹೋಗುತ್ತಿದ್ದಾರೆ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಪೂರ್ತಿ ಬಿಲ್ ಆಗುವ ಸೀನಿಯರ್‌ಗೆ ಇನ್ನೊಬ್ಬರ ಕೋಡ್ ನೋಡಲು ಪುರುಸೊತ್ತು ಎಲ್ಲಿಂದ ಬರಬೇಕು? ಜೂನಿಯರ್ ಎರಡು ದಿನದಿಂದ ಒಂದೇ ಎರರ್ ಮುಂದೆ ಕೂತಿರುತ್ತಾರೆ. ಕೇಳೋಣ ಅಂದರೆ ಸೀನಿಯರ್ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿ ಇದ್ದಾರೆ. ಕೊನೆಗೆ ಡೆಡ್‌ಲೈನ್ ಹತ್ತಿರ ಬಂದಾಗ ಸೀನಿಯರೇ ರಾತ್ರಿ ಕೂತು ಬರೆದು ಮುಗಿಸುತ್ತಾರೆ. ಕಲಿಯಲು ಏನೂ ಇಲ್ಲ ಅಂತ ಜೂನಿಯರ್ ಹೋಗುತ್ತಾರೆ. ಸುಸ್ತಾಗಿ ಸೀನಿಯರ್ ಹೋಗುತ್ತಾರೆ. ನಿಮ್ಮಲ್ಲಿ ಎರಡೂ ಆಗಿದೆ, ಅಲ್ವಾ?

ದೊಡ್ಡ ಕಂಪೆನಿಗಳು ಹೊಸಬರನ್ನು ತಿಂಗಳುಗಟ್ಟಲೆ ತರಬೇತಿಗೆ ಕೂರಿಸುತ್ತವೆ. ನಿಮ್ಮ ಕೈಯಲ್ಲಿರುವುದು ಸೀನಿಯರ್‌ಗಳ ಸಮಯ ಒಂದೇ. ಅದನ್ನೂ ಮಾರಿಬಿಟ್ಟರೆ ಕಲಿಸಲು ಏನೂ ಉಳಿಯುವುದಿಲ್ಲ. ಸೀನಿಯರ್ ವಾರಕ್ಕೆ 30 ಗಂಟೆಗಿಂತ ಜಾಸ್ತಿ ಬಿಲ್ ಆಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಉಳಿದ 10 ಗಂಟೆ ಕೋಡ್ ನೋಡುವುದಕ್ಕೆ, ಪಕ್ಕದಲ್ಲಿ ಕೂತು ಹೇಳಿಕೊಡುವುದಕ್ಕೆ. ಆ ಗಂಟೆಗಳನ್ನೂ ಟೈಮ್‌ಶೀಟ್‌ನಲ್ಲಿ ಬರೆಸಿ. ಬರೆಯದಿದ್ದರೆ ಮುಂದಿನ ಡೆಡ್‌ಲೈನ್‌ಗೆ ಅವು ಮಾಯವಾಗುತ್ತವೆ.

ಇಷ್ಟು ಬಿಟ್ಟುಕೊಟ್ಟರೆ ಕಂಪೆನಿ ನಡೆಯುತ್ತದಾ ಅಂತ ಕೇಳುತ್ತೀರಿ. ಲೆಕ್ಕ ಹಾಕೋಣ. ಒಬ್ಬರ ಸಂಬಳ, ಆಫೀಸಿನ ಬಾಡಿಗೆಯ ಪಾಲು, ಲ್ಯಾಪ್‌ಟಾಪ್, ಕರೆಂಟು ಎಲ್ಲ ಸೇರಿ ವರ್ಷಕ್ಕೆ ₹9,20,000 ಖರ್ಚು ಅಂದುಕೊಳ್ಳಿ. ವಾರಕ್ಕೆ 40ರಂತೆ 52 ವಾರಕ್ಕೆ 2,080 ಗಂಟೆ. ಹಬ್ಬ, ರಜೆ ಅಂತ 30 ದಿನ ತೆಗೆದರೆ 240 ಗಂಟೆ ಹೋಗುತ್ತದೆ. ಉಳಿದದ್ದು 1,840. ಅಷ್ಟೂ ಬಿಲ್ ಆಗುತ್ತದೆ ಅಂತ ಹಿಡಿದರೆ ಗಂಟೆಗೆ ₹500ಕ್ಕೆ ಅಸಲು ಹುಟ್ಟುತ್ತದೆ. ನಾಲ್ಕರಲ್ಲಿ ಮೂರು ಪಾಲು, ಅಂದರೆ 1,380 ಗಂಟೆ ಮಾತ್ರ ಅಂತ ಹಿಡಿದರೆ ಸುಮಾರು ₹667 ಬೇಕು. ಲಾಭ ಇದರ ಮೇಲೆ. ತುಂಬಾ ಹೊಸ ಕಂಪೆನಿಗಳು ಮೊದಲನೇ ಲೆಕ್ಕದಲ್ಲೇ ಕೊಟೇಶನ್ ಕೊಡುತ್ತವೆ, ಆಮೇಲೆ ಜನರನ್ನು ಹಿಂಡಿ ಆ ಲೆಕ್ಕ ಸರಿಮಾಡುತ್ತವೆ. ಹಳೇ ಕ್ಲೈಂಟ್‌ಗೆ ರೇಟ್ ಏರಿಸುವುದು ಕಷ್ಟ, ಒಪ್ಪುತ್ತೇನೆ. ಮುಂದಿನ ಕರಾರಿನಿಂದಲಾದರೂ ಸರಿಮಾಡಿ.

ಇನ್ನು ಬಿಟ್ಟುಹೋದ ಪ್ರಾಜೆಕ್ಟ್. ಯಾವ ಪ್ರಾಜೆಕ್ಟೂ ಒಬ್ಬರ ತಲೆಯಲ್ಲೇ ಇರಬಾರದು. ಸಣ್ಣದಾದರೂ ಇಬ್ಬರಿರಲಿ. ಎರಡನೆಯವರು ವಾರಕ್ಕೆ ನಾಲ್ಕೇ ಗಂಟೆ ಕೊಟ್ಟರೂ ಸಾಕು, ಆದರೆ ನಿಜವಾಗಿ ಕೋಡ್ ಬರೆಯಬೇಕು. ಸುಮ್ನೆ ಮೀಟಿಂಗ್‌ನಲ್ಲಿ ಕೂತರೆ ಏನೂ ತಿಳಿಯುವುದಿಲ್ಲ. ಪರೀಕ್ಷೆಗೆ ಒಂದು ಸುಲಭದ ದಾರಿ ಇದೆ. ಮುಖ್ಯ ಡೆವಲಪರ್ ರಜೆ ಹಾಕಿದ ದಿನ ಎರಡನೆಯವರು ಹೊಸ ವರ್ಷನ್ ಒಂದನ್ನು ಸರ್ವರ್‌ಗೆ ಏರಿಸಲಿ. ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ದಾಖಲೆಯಲ್ಲಿ ತೂತಿದೆ: ಪಾಸ್‌ವರ್ಡ್ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ, ಡೇಟಾಬೇಸ್ ಬ್ಯಾಕಪ್ ಎಲ್ಲಿದೆ ಅಂತ ಬರೆದಿಲ್ಲ, ಕ್ಲೈಂಟ್ ಕಡೆ ಯಾರನ್ನು ಕೇಳಬೇಕು ಅಂತ ಗೊತ್ತಿಲ್ಲ. ಅದನ್ನು ಅವತ್ತೇ ಬರೆದಿಡಿ. ಸಿಟ್ಟಾಗಿರುವ ಕ್ಲೈಂಟ್‌ಗೆ ಈ ವಾರವೇ ಫೋನ್ ಮಾಡಿ, ಇನ್ನು ಮುಂದೆ ಯಾವ ಇಬ್ಬರು ನೋಡುತ್ತಾರೆ ಅಂತ ಹೆಸರು ಸಮೇತ ಹೇಳಿ.

ಬಾಂಡ್ ಬಗ್ಗೆ ಕಾನೂನು ತಿಳಿದಿರಲಿ. ಕೆಲಸ ಬಿಟ್ಟ ಮೇಲೆ ಇಂಥ ಕಂಪೆನಿಗೆ ಸೇರಬಾರದು ಎನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಇಷ್ಟು ತಿಂಗಳು ಇರಬೇಕು, ಬಿಟ್ಟರೆ ಇಷ್ಟು ದುಡ್ಡು ಕೊಡಬೇಕು ಎನ್ನುವುದು ಬೇರೆ. ಅಲ್ಲೂ 74ನೇ ಸೆಕ್ಷನ್ ಪ್ರಕಾರ ಕೋರ್ಟು ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ, ನೀವು ಬರೆದ ಮೊತ್ತ ಪೂರ್ತಿ ಸಿಗುತ್ತದೆ ಅಂತೇನಿಲ್ಲ. ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುವ ಕೆಲಸವನ್ನಂತೂ ಮಾಡಲೇಬೇಡಿ. ಅದು ತಪ್ಪು. ಜೊತೆಗೆ ನಮ್ಮದು ಸಣ್ಣ ಊರು, ಒಬ್ಬರಿಗೆ ಹೀಗೆ ಮಾಡಿದರೆ ಎಲ್ಲ ಕಾಲೇಜಿಗೂ ಗೊತ್ತಾಗುತ್ತದೆ.

ಜನ ನಿಲ್ಲುವ ವಿಷಯಕ್ಕೆ ಬಂದರೆ, ರಾಜೀನಾಮೆ ಪತ್ರ ಕೈಗೆ ಬಂದ ಮೇಲೆ ಸಂಬಳ ಏರಿಸುವ ಅಭ್ಯಾಸ ಬಿಡಿ. ಉಳಿದವರಿಗೆ ಅದರಿಂದ ಸಿಗುವ ಪಾಠ ಒಂದೇ: ಏರಿಕೆ ಬೇಕಾದರೆ ರಾಜೀನಾಮೆ ಬರೆಯಬೇಕು. ಒಂದು ವರ್ಷ ತುಂಬುವ ಮೊದಲೇ ಕರೆದು ಮಾತಾಡಿ. ಮುಂದೆ ಏನು ಕಲಿಯಬೇಕು ಅಂತಿದೆ, ಮುಂದಿನ ಪ್ರಾಜೆಕ್ಟ್‌ನಲ್ಲಿ ಯಾವ ಭಾಗ ಪೂರ್ತಿ ಅವರದ್ದೇ ಆಗಬಹುದು, ಸಂಬಳ ಎಷ್ಟಾಗುತ್ತದೆ, ಮೂರೂ ಹೇಳಿ. ಆದರೂ ಕೆಲವರು ಹೋಗುತ್ತಾರೆ. ಚೆನ್ನಾಗಿ ಕಳುಹಿಸಿಕೊಡಿ. ನಾಲ್ಕೈದು ವರ್ಷದ ಮೇಲೆ ಮದುವೆ, ಮಗು, ಅಪ್ಪ ಅಮ್ಮನ ಆರೋಗ್ಯ ಅಂತ ಊರಿಗೆ ವಾಪಸ್ ಬರುವವರು ನಮ್ಮಲ್ಲಿ ತುಂಬಾ ಇದ್ದಾರೆ. ನಿಮಗೆ ಬೇಕಾದ ಸೀನಿಯರ್‌ಗಳು ಅವರೇ. ಗಲ್ಫ್‌ನಿಂದ ಬಂದವರು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಈಗ ದಿನಕ್ಕೆ ಐದು ಗಂಟೆ ಮಾಡಬಲ್ಲ ತಾಯಂದಿರು, ಇವರನ್ನು ಹುಡುಕಿ. ಜೂನಿಯರ್‌ಗಳ ಪಕ್ಕದಲ್ಲಿ ಕೂತು ಕೋಡ್ ನೋಡಲು ಅಷ್ಟು ಹೊತ್ತು ಧಾರಾಳ ಸಾಕು.

ಹೊಸಬರಿಗಾಗಿ ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್‌ನಲ್ಲಿ ದೊಡ್ಡವರ ಜೊತೆ ಸ್ಪರ್ಧೆಗೆ ಇಳಿಯುವುದು ಬೇಡ. ನಿಟ್ಟೆ, ಅಡ್ಯಾರು, ವಾಮಂಜೂರು, ಬೆಂಜನಪದವು, ಹೀಗೆ ಸುತ್ತಮುತ್ತ ಕಾಲೇಜುಗಳಿವೆ. ಕೊನೆಯ ಸೆಮಿಸ್ಟರ್‌ನವರನ್ನು ಸ್ಟೈಪೆಂಡ್ ಕೊಟ್ಟು ಇಂಟರ್ನ್ ಆಗಿ ತೆಗೆದುಕೊಳ್ಳಿ. ಬಿಸಿಎ, ಎಂಸಿಎ ಮಾಡಿದವರನ್ನೂ ನೋಡಿ. ಸಂದರ್ಶನದಲ್ಲಿ ಒಗಟು ಕೇಳಬೇಡಿ. ನಿಮ್ಮದೇ ಹಳೇ ಪ್ರಾಜೆಕ್ಟಿನ ಒಂದು ಸಣ್ಣ ತುಂಡು, ಬಗ್ ಇರುವಂಥದ್ದು, ಕೊಟ್ಟು ಒಂದು ಗಂಟೆ ಜೊತೆಗೆ ಕೂರಿ. ಪೂರ್ತಿ ಸರಿಮಾಡದಿದ್ದರೂ ಪರವಾಗಿಲ್ಲ. ಏನು ಪ್ರಶ್ನೆ ಕೇಳುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರಾ, ಇದನ್ನು ನೋಡಿ. ಕನ್ಸಲ್ಟಿಂಗ್‌ನಲ್ಲಿ ಗೊತ್ತಿಲ್ಲದ್ದನ್ನು ಮುಚ್ಚಿಟ್ಟರೆ ಆ ನಷ್ಟ ಕ್ಲೈಂಟ್ ತಲೆಗೆ ಬೀಳುತ್ತದೆ.

ನಾಲ್ಕು ಜನರನ್ನು ಒಟ್ಟಿಗೆ ಬೇಡ ಅಂದದ್ದಕ್ಕೂ ಕಾರಣವಿದೆ. ನಾಲ್ವರ ತಂಡದಲ್ಲಿ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 6. ಹನ್ನೊಂದು ಜನರಲ್ಲಿ 55. ಹದಿನೈದಾದರೆ 105. ಈಗಿನ 55ರಲ್ಲೇ ಮಾಹಿತಿ ಸೋರುತ್ತಿದೆ. ಮೊದಲು ಸೀನಿಯರ್ ಒಬ್ಬರು ಬರಲಿ, ಎರಡು ಮೂರು ತಿಂಗಳ ಮೇಲೆ ಇಬ್ಬರು ಇಂಟರ್ನ್. ಊರು ಸಣ್ಣದು, ಇಲ್ಲಿ ಆಗುವುದಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಸಾಫ್ಟ್‌ವೇರ್ ಕಂಪೆನಿ ರೋಬೋಸಾಫ್ಟ್ 1996ರಲ್ಲಿ ಶುರುವಾದದ್ದು ಉಡುಪಿಯಲ್ಲೇ. ಅದನ್ನು 2021ರಲ್ಲಿ ಜಪಾನಿನ ಟೆಕ್ನೋಪ್ರೊ ಕಂಪೆನಿ ಕೊಂಡುಕೊಂಡಿತು.

ಪ್ರಶ್ನೆ: ನಾನು ಬೆಳ್ತಂಗಡಿ ಕಡೆಯವಳು, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಮಂಗಳೂರಿನ ಸಣ್ಣ ಕಂಪೆನಿಯಲ್ಲಿ ಎರಡು ವರ್ಷದಿಂದ ಡೆವಲಪರ್. ಕೋಡ್ ನನ್ನದು, ಆದರೆ ಕ್ಲೈಂಟ್ ಕಾಲ್‌ನಲ್ಲಿ ನಮ್ಮ ತಂಡದ ಲೀಡ್ ಮಾತಾಡುತ್ತಾರೆ. ನನ್ನ ಇಂಗ್ಲಿಷ್ ಸಾಲದು ಅಂತ ಅವರ ಭಾವನೆ. ಏನು ಮಾಡಲಿ?

ಉತ್ತರ: ಬರೆಯುವುದರಿಂದ ಶುರು ಮಾಡಿ. ವಾರದ ಸ್ಟೇಟಸ್ ಮೆಸೇಜ್ ನಾನು ಬರೆಯುತ್ತೇನೆ, ಕಳುಹಿಸುವ ಮೊದಲು ನೀವು ನೋಡಿ ಅಂತ ಲೀಡ್‌ಗೆ ಹೇಳಿ. ಹೆಚ್ಚಿನ ತಂಡಗಳ ಮೆಸೇಜ್‌ನಲ್ಲಿ ಪೇಮೆಂಟ್ ಪೇಜ್ ಕೆಲಸ ನಡೆಯುತ್ತಿದೆ ಅಂತಷ್ಟೇ ಇರುತ್ತದೆ. ಅದರಿಂದ ಕ್ಲೈಂಟ್‌ಗೆ ಏನೂ ತಿಳಿಯುವುದಿಲ್ಲ. ನೀವು ಹೀಗೆ ಬರೆಯಿರಿ: "ಪೇಮೆಂಟ್ ಪೇಜ್ ಮುಗಿದಿಲ್ಲ. ಬ್ಯಾಂಕಿನಿಂದ ಟೆಸ್ಟ್ ಕೀ ಬರಬೇಕು, ಸೋಮವಾರ ಕೇಳಿದ್ದೇವೆ. ಬುಧವಾರದೊಳಗೆ ಬಂದರೆ ಶುಕ್ರವಾರ ಡೆಮೊ. ಬಾರದಿದ್ದರೆ ಮುಂದಿನ ಮಂಗಳವಾರ. ನಿಮ್ಮ ಕಡೆಯಿಂದ ಬ್ಯಾಂಕಿಗೆ ಒಂದು ಮಾತು ಹೇಳಿದರೆ ಬೇಗ ಆಗುತ್ತದೆ." ಇದನ್ನು ಇಂಗ್ಲಿಷಿಗೆ ತರಲು ದೊಡ್ಡ ಪದ ಒಂದೂ ಬೇಡ. ಏನಾಗಿಲ್ಲ, ಯಾಕೆ, ಯಾವಾಗ, ಯಾರು ಏನು ಮಾಡಬೇಕು ಎಲ್ಲ ಇದೆ. ಇಂಥ ಮೆಸೇಜ್ ಬರೆಯುವವರನ್ನು ಕ್ಲೈಂಟ್ ತಾವಾಗಿಯೇ ಹೆಸರು ಹಿಡಿದು ಕೇಳುತ್ತಾರೆ.

ಆಮೇಲೆ ಕಾಲ್‌ನ ಮೊದಲ ಐದು ನಿಮಿಷ, ಡೆಮೊ ತೋರಿಸುವ ಭಾಗ ಮಾತ್ರ, ನಿಮಗೆ ಕೊಡಲು ಕೇಳಿ. ನೀವೇ ಮಾಡಿದ ಸ್ಕ್ರೀನ್ ತೋರಿಸುತ್ತಾ ಮಾತಾಡುವುದು ಎಲ್ಲಕ್ಕಿಂತ ಸುಲಭ. ಆ ಲೀಡ್ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಕೋಡ್ ಬರೆದವರನ್ನು ಮಾತಾಡಲು ಬಿಡದಿದ್ದರೆ ಕ್ಲೈಂಟ್‌ನ ಪ್ರತಿ ಪ್ರಶ್ನೆಯೂ ನಿಮ್ಮ ಮೂಲಕವೇ ಹೋಗಿ ಬರಬೇಕು. ನೀವು ರಜೆ ಹಾಕುವ ಹಾಗೂ ಇಲ್ಲ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಹೆಚ್ಚಿನವರ ಮಾತು ತುಳುವಿನಲ್ಲಿ. ಹುಬ್ಬಳ್ಳಿಯ ಇಬ್ಬರು, ಕಣ್ಣೂರಿನ ಒಬ್ಬರು ಬೇರೆಯೇ ಕೂತಿರುತ್ತಾರೆ. ನಿಯಮ ಮಾಡಬೇಕೇ?

ಉತ್ತರ: ಊಟದ ಹೊತ್ತಿಗೆ ತುಳು ಇರಲಿ, ಅದಕ್ಕೆ ನಿಯಮ ಹಾಕಿದರೆ ಆಫೀಸು ಒಣಗಿಹೋಗುತ್ತದೆ. ಆದರೆ ಕೆಲಸದ ತೀರ್ಮಾನ ಚಹಾ ಕುಡಿಯುತ್ತಾ ತುಳುವಿನಲ್ಲಿ ಆದರೆ ಆ ಮೂವರು ಹೊರಗೇ ಉಳಿಯುತ್ತಾರೆ. ಅಂಥ ತೀರ್ಮಾನವನ್ನು ಅರ್ಧ ಗಂಟೆಯೊಳಗೆ ತಂಡದ ಚಾನೆಲ್‌ನಲ್ಲಿ ಎರಡು ಸಾಲು ಬರೆಯಬೇಕು, ಬರೆಯದಿದ್ದರೆ ಅದು ತೀರ್ಮಾನವೇ ಅಲ್ಲ. ಇಷ್ಟು ಸಾಕು.

ಪ್ರಶ್ನೆ: ಉಡುಪಿಯಲ್ಲಿ ನಮ್ಮದು 14 ಜನರ ಕಂಪೆನಿ, ಕ್ಲೈಂಟ್ ನ್ಯೂಯಾರ್ಕಿನವರು. ಕಾಲ್ ಮುಗಿಯುವಾಗ ರಾತ್ರಿ ಆಗುತ್ತದೆ. ಕಾರ್ಕಳ, ಕುಂದಾಪುರ ಕಡೆಗೆ ಹೋಗುವ ಹೆಣ್ಣುಮಕ್ಕಳು ಕೆಲಸ ಬಿಡುತ್ತಿದ್ದಾರೆ.

ಉತ್ತರ: ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆ ಅಂದರೆ ಅವರ ಬೇಸಗೆಯಲ್ಲಿ ನಮಗೆ ಸಂಜೆ 6:30. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಬದಲಿಸಿದ ಮೇಲೆ ಅದೇ ಕಾಲ್ 7:30ಕ್ಕೆ ಬರುತ್ತದೆ. ಮಾರ್ಚ್‌ನ ಎರಡನೇ ಭಾನುವಾರದವರೆಗೆ ಹಾಗೇ. ಬಸ್ಸು ತಪ್ಪುವುದು ಈ ತಿಂಗಳುಗಳಲ್ಲೇ ಜಾಸ್ತಿ. ಚಳಿಗಾಲಕ್ಕೆ ಅವರ 8 ಗಂಟೆಗೆ ಕಾಲ್ ಇಡಬಹುದಾ ಅಂತ ಅಕ್ಟೋಬರ್‌ನಲ್ಲೇ ಕೇಳಿ. ಕಾರಣ ಹೇಳಿ ಕೇಳಿದರೆ ಒಪ್ಪುವವರಿದ್ದಾರೆ. ದಿನಾ ಎಲ್ಲರೂ ಕಾಲ್‌ಗೆ ಬೇಕಾಗಿಲ್ಲ. ಇಬ್ಬರು ಸಾಕು, ವಾರವಾರ ಬದಲಾಗಲಿ, ಅವರು ಅವತ್ತು ಮಧ್ಯಾಹ್ನದ ಮೇಲೆ ಬರಲಿ ಅಥವಾ ಕಾಲ್ ಮನೆಯಿಂದ ಮಾಡಲಿ. ಮಳೆಗಾಲದಲ್ಲಿ ಹಳ್ಳಿ ಕಡೆ ಕರೆಂಟು, ನೆಟ್ ಎರಡೂ ನಂಬುವ ಹಾಗಿಲ್ಲ, ಆದ್ದರಿಂದ ಬದಲಿಗೆ ಒಬ್ಬರ ಹೆಸರು ಮೊದಲೇ ಇರಲಿ. ತಡವಾದ ದಿನ ಮನೆ ಬಾಗಿಲವರೆಗೆ ಗಾಡಿ ಕಂಪೆನಿಯದ್ದೇ. ಅದನ್ನೂ ಗಂಟೆಯ ರೇಟಿನಲ್ಲಿ ಸೇರಿಸಿ. ವಿಟ್ಲಪಿಂಡಿ, ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್, ಮನೆಯ ನೇಮ, ಈ ರಜೆಗಳನ್ನೂ ವರ್ಷದ ಆರಂಭದಲ್ಲೇ ಕ್ಲೈಂಟ್‌ಗೆ ಕಳುಹಿಸಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಉದ್ಯೋಗಿ ಅದರ ಮುಖ್ಯಸ್ಥೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ನಿಮ್ಮಲ್ಲಿ ಇಲ್ಲದಿದ್ದರೆ ಈ ತಿಂಗಳೇ ಮಾಡಿ, ಹೆಸರು ಮತ್ತು ಫೋನ್ ನಂಬರನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ.