ಮಂಗಟ್ಟೆಯ ಕಪ್ಪು, ಹಾಲಕ್ಕಿ ಅಜ್ಜಿಯ ಮೈಬಣ್ಣ

ನಮಸ್ಕಾರ. ತೈಲವರ್ಣದಲ್ಲಿ ದಾಂಡೇಲಿಯ ದೊಡ್ಡ ಮಂಗಟ್ಟೆ ಹಕ್ಕಿ (ಗ್ರೇಟ್ ಹಾರ್ನ್‌ಬಿಲ್) ಬರೆದರೆ ರೆಕ್ಕೆ ತೂತು ಬಿದ್ದಂತೆ ಕಾಣುತ್ತದೆ, ಅಂಕೋಲೆಯ ಹಾಲಕ್ಕಿ ಸಮುದಾಯದ ಅಜ್ಜಿಯ ಮುಖ ಬೂದಿ ಬಳಿದ ಹಾಗಾಗುತ್ತದೆ, ಯಾಕೆ ಎಂದು ಕೇಳಿದ್ದೀರಿ. ಕಾರಣ ಟ್ಯೂಬಿನ ಕಪ್ಪು, ಟ್ಯೂಬಿನ ಬಿಳಿ. ಅಷ್ಟೇ.

ಕಪ್ಪು ಟ್ಯೂಬನ್ನು ಸದ್ಯ ಬದಿಗಿಡಿ. ಅಲ್ಟ್ರಾಮರೀನ್ ನೀಲಿ 2 ಪಾಲು, ಬರ್ನ್ಟ್ ಅಂಬರ್ (ಕಡುಗಂದು) 1 ಪಾಲು ಕಲಸಿ, ಅದೇ ನಿಮ್ಮ ಕಪ್ಪು. ಬೆಳಕು ಬೀಳುವ ಬೆನ್ನಿಗೆ ನೀಲಿ ಜಾಸ್ತಿ, ಬಿಳಿ ಚೂರೇ ಚೂರು. ರೆಕ್ಕೆಯಡಿಯ ನೆರಳಿಗೆ ಅಂಬರ್ ಜಾಸ್ತಿ. ಗರಿಗಳನ್ನು ಒಂದೊಂದಾಗಿ ಎಳೆಯುವ ಆತುರ ಬೇಡ, ಮೊದಲು ರೆಕ್ಕೆಯ ಉಬ್ಬುತಗ್ಗು ಬರಲಿ. ಕುತ್ತಿಗೆ, ರೆಕ್ಕೆಪಟ್ಟಿ ಅಪ್ಪಟ ಬಿಳಿಯಲ್ಲ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ಸವರಿಕೊಳ್ಳುವುದರಿಂದ ಅಲ್ಲಿ ಹಳದಿ ಹತ್ತಿರುತ್ತದೆ. ಕಣ್ಣು ಗಂಡಿಗೆ ಕೆಂಪು, ಹೆಣ್ಣಿಗೆ ಬಿಳಿಚು. ಇದು ತಪ್ಪಿದರೆ ಹಕ್ಕಿ ಬಲ್ಲವರು ಅಲ್ಲೇ ಹಿಡಿಯುತ್ತಾರೆ.

ಕಂದು ಚರ್ಮದ ಬೆಳಕಿನ ಭಾಗಕ್ಕೆ ಬಿಳಿ ಸುರಿದರೆ ಬೂದಿಯೇ. ಬರ್ನ್ಟ್ ಸಿಯೆನ್ನಾಕ್ಕೆ (ಕೆಂಗಂದು) ಯೆಲ್ಲೊ ಓಕರ್ (ಮಣ್ಣಿನ ಹಳದಿ) ಸೇರಿಸಿ ತಿಳಿಯಾಗಿಸಿ. ನೀಲಿ ಬೆರೆತ ಬಿಳಿ ಹೊಳಪು ಹಣೆ, ಕೆನ್ನೆಮೂಳೆ, ಮೂಗಿನ ತುದಿಗೆ ಮಾತ್ರ. ಅಂಗಳದಲ್ಲಿ ಕೂತವರ ಮೇಲೆ ಅದು ಆಕಾಶದ ಬೆಳಕು. ಮಣಿಸರಗಳನ್ನು ಕತ್ತಿನ ದುಂಡಿಗೆ ತಕ್ಕಂತೆ ಒಂದೇ ಮುದ್ದೆಯಾಗಿ ಬಳಿದು, ಬೆಳಕಿಗೆ ಬಂದ ಮಣಿಗಳನ್ನಷ್ಟೇ ಬಿಡಿಸಿ. ಎಲ್ಲ ಮಣಿ ಎಣಿಸಲು ಹೋದರೆ ಮುಖ ಸೋಲುತ್ತದೆ.

ಮೊದಲ ಪದರ ಟರ್ಪೆಂಟೈನ್‌ನಲ್ಲಿ ತೆಳ್ಳಗಿರಲಿ, ಲಿನ್‌ಸೀಡ್ (ಅಗಸೆ) ಎಣ್ಣೆ ಮೇಲಿನದಕ್ಕೆ. ತಿರುಗುಮುರುಗಾದರೆ ಆಮೇಲೆ ಬಿರುಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕ್ಯಾನ್ವಾಸನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಬೂಸು ಹಿಡಿಯುತ್ತದೆ.