ಪ್ರತಿಕ್ರಿಯೆ: ಕೀಮೋ ಮುಗಿದ ಮೇಲೆ ಅಪ್ಪಂಗೆ ಮೀನು ಬಿಡಿಸ್ಬೇಕಾ?

ಅಪ್ಪಂಗೆ ಮೂರನೇ ಸ್ಟೇಜ್ ದೊಡ್ಡಕರುಳಿನ ಕ್ಯಾನ್ಸರ್, ಆಪರೇಷನ್ನೂ ಕೀಮೋನೂ ಮುಗೀತು, ಈಗ ಮೀನು ಬಿಡಿಸ್ಬೇಕಾ, ವಾಕಿಂಗ್ ಕಳಿಸಿದ್ರೆ ಸುಸ್ತಾಗತ್ತಾ ಅಂತ ಅಂಕೋಲಾದಿಂದ ಕೇಳಿದ್ರಲ್ಲ, ಮೀನು ಖಂಡಿತ ಬಿಡಿಸ್ಬೇಡಿ. ಬಂಗಡೆ, ತಾರ್ಲೆ ಸಾರು ಮಾಡಿ ಹಾಕಿ, ಕೀಮೋದಲ್ಲಿ ಇಳಿದುಹೋದ ಮೈಗೆ ಪ್ರೋಟೀನ್ ಬೇಕೇ ಬೇಕು. ಬಿಡಿಸ್ಬೇಕಾದ್ದು ಗೋವಾದಿಂದ ತರೋ ಸಾಸೇಜು, ಬೇಕನ್, ಸಲಾಮಿ ಇಂಥವು. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದ್ರೆ ಈ ಕ್ಯಾನ್ಸರ್ ಬರೋ ಅಪಾಯ ಸುಮಾರು ಶೇ. 18 ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ಫೆನ್ನಿ, ಬೀಡಿ ಇದ್ರೆ ಅದೂ ಬಂದ್.

ಆದ್ರೆ ನಾನು ಕೈಮುಗಿದು ಹೇಳೋದು ನಡಿಗೆ ಬಗ್ಗೆ. 2025ರಲ್ಲಿ ಚಾಲೆಂಜ್ ಅನ್ನೋ ಟ್ರಯಲ್ ರಿಸಲ್ಟ್ ಬಂತು, ನಿಮ್ಮಪ್ಪನ ಹಾಗೇ ಆಪರೇಷನ್, ಕೀಮೋ ಮುಗಿಸಿದ 889 ಜನರಲ್ಲಿ ಅರ್ಧ ಜನಕ್ಕೆ ಮೂರು ವರ್ಷ ಕಾಲ ಬೆನ್ನುಬಿದ್ದು ವ್ಯಾಯಾಮ ಮಾಡಿಸಿದ್ರು, ಉಳಿದವ್ರಿಗೆ ಓದೋಕೆ ಮಾಹಿತಿ ಮಾತ್ರ ಕೊಟ್ರು. ಎಂಟು ವರ್ಷಕ್ಕೆ ಬದುಕಿದ್ದವ್ರು ವ್ಯಾಯಾಮದ ಗುಂಪಲ್ಲಿ ಶೇ. 90, ಇನ್ನೊಂದರಲ್ಲಿ ಶೇ. 83! ವಾರಕ್ಕೆ ಮೂರ್ನಾಲ್ಕು ದಿನ ಮುಕ್ಕಾಲು ಗಂಟೆ ಚುರುಕು ನಡಿಗೆ ಅಷ್ಟೇ. ಡಾಕ್ಟರ್ ಹೂಂ ಅಂದ್ರೆ ಹತ್ತು ನಿಮಿಷದಿಂದ ಶುರು ಮಾಡಿ, ಮಳೆಗಾಲದಲ್ಲಿ ಜಗಲಿ ಮೇಲೇ ಓಡಾಡ್ಲಿ, ನೀವೂ ಜೊತೆಗೆ ಹೋಗಿ, ಒಬ್ರೇ ಆದ್ರೆ ಬಿಟ್ಬಿಡ್ತಾರೆ.

ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಬಸಳೆ, ಹರಿವೆ ಒಳ್ಳೇದೇ, ನಾರಿನಂಶ ಬೇಕು. ಆದ್ರೆ ಮಲ ಹೋಗೋಕೆ ಹೊಟ್ಟೆಗೆ ಚೀಲ ಹಾಕಿದ್ರೆ ಅಥವಾ ಇನ್ನೂ ಭೇದಿ ಇದ್ರೆ ಡಾಕ್ಟರ್ ಕೇಳಿ ನಿಧಾನಕ್ಕೆ ಹೆಚ್ಚಿಸಿ. ಹಾಂ, ನೀವು ಮಕ್ಕಳು ಕೊಲೊನೊಸ್ಕೋಪಿ (ಕ್ಯಾಮೆರಾ ಇರೋ ನಳಿಕೆಯಿಂದ ದೊಡ್ಡಕರುಳು ನೋಡೋ ಪರೀಕ್ಷೆ) ಯಾವಾಗ ಮಾಡಿಸ್ಬೇಕು ಅಂತಾನೂ ಮುಂದಿನ ಚೆಕಪ್ಪಲ್ಲೇ ಕೇಳ್ಬಿಡಿ, ಅಪ್ಪಂಗೆ ಬಂದಿದ್ರೆ ಬೇರೆಯವ್ರಿಗಿಂತ ಬೇಗನೇ ಮಾಡಿಸ್ಬೇಕಾಗತ್ತೆ.